ಕಾರವಾರ–ಶಿರಸಿಯಲ್ಲಿ ಕೂತು ಸೈ-ಫೈ ಕತೆ ಮಾರುವ ಕ್ರಮ, ಸಮ್ಮೇಳನಕ್ಕೆ ಹೋಗುವ ಲೆಕ್ಕ

ವಿಜ್ಞಾನ ಕತೆಯೋ ಫ್ಯಾಂಟಸಿಯೋ ಬರೆದು ಮುಗಿಸಿದ ರಾತ್ರಿಯೇ ಅದನ್ನು ಫೇಸ್‌ಬುಕ್ಕಿಗೆ ಹಾಕಿಬಿಡುವ ಚಟ ನಮ್ಮ ಕಡೆ ಬಹಳ ಜನಕ್ಕಿದೆ. ನೂರು ಲೈಕು ಬೀಳಬಹುದು. ಆದರೆ ಆ ಕತೆಯಲ್ಲಿ ಅತಿ ಹೆಚ್ಚು ಬೆಲೆ ಇದ್ದದ್ದು ಮೊದಲ ಪ್ರಕಟಣೆಯ ಹಕ್ಕಿಗೆ, ಅದು ಪುಕ್ಕಟೆ ಹೋಯಿತು. ಎಲ್ಲರಿಗೂ ಕಾಣುವ ಪೋಸ್ಟು, ಬ್ಲಾಗು, ಕತೆ ಓದಿಸುವ ಆ್ಯಪು ಇವೆಲ್ಲವನ್ನೂ ಬಹುತೇಕ ಸಂಪಾದಕರು ‘ಈಗಾಗಲೇ ಪ್ರಕಟವಾದದ್ದು’ ಎಂದೇ ಲೆಕ್ಕ ಹಿಡಿಯುತ್ತಾರೆ. ನಾಲ್ಕು ಜನ ಗೆಳೆಯರಿಗೆ ಮೇಲ್ ಮಾಡಿ ಅಭಿಪ್ರಾಯ ಕೇಳಿದರೆ ಅದು ಪ್ರಕಟಣೆಯಲ್ಲ. ಇನ್ನೂರು ಜನರ ವಾಟ್ಸ್‌ಆ್ಯಪ್ ಗುಂಪು ಇವೆರಡರ ನಡುವಿನದು. ಅಲ್ಲಿ ಹಾಕದಿರುವುದೇ ಕ್ಷೇಮ.

ಕತೆಗಾರ ಮಾರುವುದು ಹಕ್ಕುಗಳನ್ನು. ಒಂದೇ ಕತೆಯನ್ನು ಕನ್ನಡ ಪತ್ರಿಕೆಗೆ ಒಮ್ಮೆ, ಇಂಗ್ಲಿಷ್ ಪತ್ರಿಕೆಗೆ ಒಮ್ಮೆ, ಆಡಿಯೊಕ್ಕೆ ಒಮ್ಮೆ, ಸಂಕಲನಕ್ಕೆ ಒಮ್ಮೆ ಮಾರಬಹುದು. ಅನುಕ್ರಮ ತಪ್ಪಿದರೆ ಮಾತ್ರ ಮುಂದಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ.

ಯಾವ ಭಾಷೆಗೆ ಮೊದಲು

ಎರಡೂ ಭಾಷೆಯಲ್ಲಿ ಬರೆಯಬಲ್ಲವರು ಕನ್ನಡಕ್ಕೆ ಮೊದಲು ಕೊಡುವುದು ಒಳ್ಳೆಯದು. ಇದರಲ್ಲಿ ಅಭಿಮಾನದ ಮಾತಿಲ್ಲ, ಬರೀ ಲೆಕ್ಕ. ಕನ್ನಡದಲ್ಲಿ ಬಂದ ಕತೆ ಇಂಗ್ಲಿಷಿನಲ್ಲಿ ಇನ್ನೂ ಬಂದಿಲ್ಲವಾದರೆ ಅದನ್ನು ಅನುವಾದವಾಗಿ ತೆಗೆದುಕೊಳ್ಳುವ ಇಂಗ್ಲಿಷ್ ಪತ್ರಿಕೆಗಳಿವೆ. ‘ಸ್ಟ್ರೇಂಜ್ ಹೊರೈಜನ್ಸ್’ ಪತ್ರಿಕೆಯ ಬಳಗದವರು 2017ರಲ್ಲಿ ಶುರುಮಾಡಿದ ‘ಸಮೊವಾರ್’ ಇರುವುದೇ ಅನುವಾದಿತ ಕತೆ-ಕವಿತೆಗಳಿಗಾಗಿ. ಮೂಲ ಭಾಷೆಯ ಪಠ್ಯವನ್ನೂ ಜೊತೆಗೇ ಪ್ರಕಟಿಸುವುದು ಅದರ ಪದ್ಧತಿ. ಸೈ-ಫೈ, ಫ್ಯಾಂಟಸಿಗೆ ಕೊಡುವ ಹ್ಯೂಗೊ ಪ್ರಶಸ್ತಿಯ ನಿಯಮದಲ್ಲೂ ಇದಕ್ಕೆ ಜಾಗವಿದೆ: ಬೇರೆ ಭಾಷೆಯಲ್ಲಿ ಮೊದಲು ಬಂದ ಕೃತಿ ಇಂಗ್ಲಿಷ್ ಅನುವಾದವಾಗಿ ಮೊದಲ ಬಾರಿ ಪ್ರಕಟವಾದ ವರ್ಷಕ್ಕೂ ಅರ್ಹವಾಗುತ್ತದೆ.

ತಿರುಗುಮುರುಗಾದರೆ ಕಷ್ಟ. ಇಂಗ್ಲಿಷಿನಲ್ಲಿ ಬಂದ ಕತೆಯನ್ನು ಕನ್ನಡಕ್ಕೆ ತಂದರೆ ಇಲ್ಲಿ ಅದು ಅನುವಾದ. ಕಥಾಸ್ಪರ್ಧೆಗಳ ‘ಸ್ವತಂತ್ರ ರಚನೆಯಾಗಿರಬೇಕು, ಅನುವಾದ ಆಗಿರಬಾರದು’ ಎಂಬ ಸಾಲಿಗೆ ಸಿಕ್ಕಿಬೀಳುತ್ತದೆ. ಬರೆದವರು ನೀವೇ ಎಂದು ವಾದಿಸಬಹುದು, ತೀರ್ಪುಗಾರರು ಆ ವಾದಕ್ಕೆ ಕೂರುವುದಿಲ್ಲ.

ಯಾವ ದಾರಿ ಹಿಡಿದರೂ ಮುಚ್ಚಿಡಬೇಡಿ. ಕವರ್ ಲೆಟರಿನಲ್ಲಿ ‘ಈ ಕತೆಯ ಕನ್ನಡ ರೂಪ ಇಂಥ ಪತ್ರಿಕೆಯ ಇಂಥ ಸಂಚಿಕೆಯಲ್ಲಿ ಬಂದಿದೆ, ಇಂಗ್ಲಿಷಿನಲ್ಲಿ ಅಪ್ರಕಟಿತ’ ಎಂದು ಒಂದು ಸಾಲು ಇರಲಿ. ಕತೆ ಸ್ವೀಕಾರವಾದ ಮೇಲೆ ಈ ಸಂಗತಿ ಗೊತ್ತಾದರೆ ಕತೆಯೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಕನ್ನಡ ಪತ್ರಿಕೆಗೆ ಕಳುಹಿಸುವುದು

ಮಯೂರ, ತುಷಾರ, ಕಸ್ತೂರಿಯಂಥ ಮಾಸಿಕಗಳು, ಸುಧಾ, ತರಂಗದಂಥ ವಾರಪತ್ರಿಕೆಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿ, ಇವುಗಳ ಜೊತೆಗೆ ದೀಪಾವಳಿ, ಯುಗಾದಿ ವಿಶೇಷಾಂಕಗಳು. ಸೈ-ಫೈಗೆಂದೇ ಮೀಸಲಾದ ಕಾಲಂ ಹುಡುಕುತ್ತ ಕೂರಬೇಡಿ. ಎಲ್ಲರೊಡನೆ ಸಾಲಿನಲ್ಲಿ ನಿಲ್ಲಬೇಕು. ಮೊದಲ ಪುಟದಲ್ಲೇ ಮೂರು ಗ್ರಹಗಳ ಹೆಸರು, ನಾಲ್ಕು ಯಂತ್ರಗಳ ಹೆಸರು ಬಂದರೆ ಸಾಮಾನ್ಯ ಕತೆ ಓದುವ ಸಂಪಾದಕರು ಅಲ್ಲೇ ಬಿಡುತ್ತಾರೆ. ಒಂದೇ ಒಂದು ವಿಚಿತ್ರವನ್ನು ಇಟ್ಟು, ಉಳಿದದ್ದೆಲ್ಲ ಗುರುತಿನ ಲೋಕವಾಗಿದ್ದರೆ ಕತೆ ದಾಟುತ್ತದೆ. ಅಘನಾಶಿನಿಯ ಗಜನಿಯಲ್ಲಿ, ಅಂದರೆ ಉಬ್ಬರದ ನೀರು ಬರುವ ಗದ್ದೆಯಲ್ಲಿ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಆ ಭತ್ತ ಸಮುದ್ರದ ಕಡೆಗೇ ನಡೆಯಲು ಶುರುಮಾಡಿತು ಎಂದು ಇಟ್ಟುಕೊಳ್ಳಿ, ಅಷ್ಟೇ ಸಾಕು. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ಜೌಗು ಕಾಡಿನಲ್ಲಿ) ಮರಗಳು ಉಸಿರಿಗಾಗಿ ನೀರಿನಿಂದ ಮೇಲೆತ್ತಿದ ಬೇರುಗಳನ್ನು ಒಮ್ಮೆ ನೋಡಿ ಬಂದವರಿಗೆ ಬೇರೆ ಗ್ರಹ ಹುಡುಕುವ ಗರಜೂ ಇಲ್ಲ.

ವಿಜ್ಞಾನ ತಪ್ಪಬಾರದು. ಕೈಗಾದ ರಿಯಾಕ್ಟರು ಅಣುಬಾಂಬಿನ ಹಾಗೆ ಸಿಡಿದು ಕಾರವಾರ ಮಾಯವಾಗುವ ಕತೆಗಳು ಬರುತ್ತಲೇ ಇರುತ್ತವೆ. ಅಲ್ಲಿರುವುದು ತಲಾ 220 ಮೆಗಾವಾಟಿನ ನಾಲ್ಕು ಭಾರಜಲ ರಿಯಾಕ್ಟರುಗಳು, ಇಂಧನ ನೈಸರ್ಗಿಕ ಯುರೇನಿಯಂ. ಅದರಲ್ಲಿ ಯುರೇನಿಯಂ-235ರ ಪಾಲು ಶೇ 0.7ರಷ್ಟು ಮಾತ್ರ, ಅದು ಬಾಂಬಿನಂತೆ ಸಿಡಿಯಲಾರದು. ಅಪಘಾತದ ಕತೆಯೇ ಬೇಕಾದರೆ ಇಂಧನ ತಣ್ಣಗಾಗದೆ ಕರಗುವುದು, ಆವಿಯ ಒತ್ತಡ, ಹೈಡ್ರೋಜನ್ ಸ್ಫೋಟ ಇಂಥ ಕಡೆ ಹುಡುಕಿ. ‘ಅನಲಾಗ್’ನಂಥ ಇಂಗ್ಲಿಷ್ ಪತ್ರಿಕೆಯಲ್ಲಿ ಕತೆ ವಾಪಸ್ ಬರಲು ಇಂಥ ಒಂದು ತಪ್ಪೇ ಸಾಕು.

ಇನ್ನು ಫಾಂಟ್. ಸೈ-ಫೈ ಬರೆಯುವವರಿಗೆ ಇದು ಉಳಿದವರಿಗಿಂತ ದೊಡ್ಡ ತಲೆನೋವು. ನೀವು ಟೈಪ್ ಮಾಡುವುದು ಯೂನಿಕೋಡಿನಲ್ಲಿ. ಪುಟ ಕಟ್ಟುವ ಕಡೆ ಹಳೆಯ ನುಡಿ ಅಥವಾ ಬರಹ ಫಾಂಟು ಇದ್ದರೆ ನಿಮ್ಮ ಕತೆಯನ್ನು ಕನ್ವರ್ಟರಿಗೆ ಹಾಕುತ್ತಾರೆ. ಆಗ ಮೂರು ಕಡೆ ಕೆಡುತ್ತದೆ. ಮೊದಲನೆಯದು ಅರ್ಕಾವೊತ್ತು: ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ. ಈ ಅದಲುಬದಲಿನಲ್ಲಿ ‘ಸೂರ್ಯ’, ‘ವರ್ಷ’ದಂಥ ಪದಗಳು ಮುರಿಯುತ್ತವೆ. ಎರಡನೆಯದು, ಅಕ್ಷರಗಳನ್ನು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ. ‘ಸಾಫ್ಟ್‌ವೇರ್’ ಎಂಬಲ್ಲಿ ‘ಟ್’ ಮತ್ತು ‘ವೇ’ ಬೇರೆಬೇರೆಯಾಗಿ ನಿಲ್ಲುವುದು ಅದರಿಂದ. ಕನ್ವರ್ಟರ್ ಅದನ್ನು ನುಂಗಿದರೆ ‘ಸಾಫ್ಟ್ವೇರ್’ ಎಂದು ಒತ್ತಿನ ಕೆಳಗೆ ಒತ್ತು ಕೂತು, ಅಚ್ಚಿನಲ್ಲಿ ಓದಲಿಕ್ಕೇ ಬರುವುದಿಲ್ಲ. ಮೂರನೆಯದು, ಕತೆಯ ನಡುವೆ ರೋಮನ್ ಲಿಪಿಯಲ್ಲಿ ಬರೆದ ಪದ. ಹಳೆಯ ಫಾಂಟುಗಳು ಕನ್ನಡ ಅಕ್ಷರಗಳನ್ನು ಕೂರಿಸಿರುವುದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಹಾಗಾಗಿ ರೋಮನ್ನಿನ ಡಿಎನ್‌ಎ ಅಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತದೆ.

ಪರಿಹಾರ ಸರಳ. ಡಿಎನ್‌ಎ, ಎಐ, ರೋಬೋ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಕಳುಹಿಸುವಾಗ ಯೂನಿಕೋಡಿನ ವರ್ಡ್ ಫೈಲು ಒಂದು, ಅದರದ್ದೇ ಪಿಡಿಎಫ್ ಒಂದು, ಎರಡನ್ನೂ ಲಗತ್ತಿಸಿ. ಕರಡು ತಿದ್ದುವವರು ಅನುಮಾನ ಬಂದಲ್ಲಿ ಪಿಡಿಎಫ್ ನೋಡಿಕೊಳ್ಳುತ್ತಾರೆ. ಮೇಲ್‌ನ ಒಡಲಿಗೇ ಕತೆಯನ್ನು ಪೇಸ್ಟ್ ಮಾಡಿದರೆ ಪ್ಯಾರಾಗಳು ಅಂಟಿಕೊಳ್ಳುತ್ತವೆ.

ಒಂದು ಕತೆ ಒಂದು ಕಾಲಕ್ಕೆ ಒಂದೇ ಪತ್ರಿಕೆಯಲ್ಲಿರಬೇಕು. ಎರಡು ಪತ್ರಿಕೆಗೆ ಕೊಟ್ಟು ಎರಡರಲ್ಲೂ ಒಂದೇ ತಿಂಗಳು ಬಂದರೆ ಎರಡೂ ಕಡೆ ಬಾಗಿಲು ಮುಚ್ಚಿತು. ಅಸ್ವೀಕೃತವೆಂದು ತಿಳಿಸುವ ರೂಢಿ ಎಲ್ಲ ಕಡೆ ಇಲ್ಲದಿರುವುದರಿಂದ ಗಡುವನ್ನು ನೀವೇ ಹಾಕಿಕೊಳ್ಳಿ: ಮೂರು ತಿಂಗಳು ಕಾದು ಒಂದು ವಿಚಾರಣೆಯ ಮೇಲ್, ಇನ್ನೂ ಒಂದು ತಿಂಗಳು ಉತ್ತರವಿಲ್ಲದಿದ್ದರೆ ‘ಈ ಕತೆಯನ್ನು ಹಿಂಪಡೆಯುತ್ತಿದ್ದೇನೆ’ ಎಂದು ಇನ್ನೊಂದು. ಈ ಎರಡನೇ ಮೇಲ್ ಕಳುಹಿಸದೆ ಬೇರೆಡೆ ಕೊಡಬೇಡಿ. ಸ್ಪರ್ಧೆಗೆ ಕೊಟ್ಟ ಕತೆ ಫಲಿತಾಂಶ ಬರುವ ತನಕ ಅಲ್ಲೇ ಬೀಗದಲ್ಲಿರುತ್ತದೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥದ್ದಕ್ಕೆ ಕತೆ ಮಳೆಗಾಲದಲ್ಲೇ ತಯಾರಿರಬೇಕು. ಚೌತಿ ಮುಗಿಯಲಿ ಎಂದು ಕೂತರೆ ತಡವಾದೀತು. ಹತ್ತು-ಹನ್ನೆರಡು ಕತೆ ಕೂಡಿದ ಮೇಲೆ, ಮೊದಲ ಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪುಸ್ತಕವನ್ನೂ ತರುವ ‘ಛಂದ ಪುಸ್ತಕ’ದಂಥವರ ಕರೆಯತ್ತ ಕಣ್ಣಿಡಿ.

ಇಂಗ್ಲಿಷ್ ಪತ್ರಿಕೆ: ದರ, ನಮೂನೆ, ಸಮಯ

ಅಮೆರಿಕದ ಸೈ-ಫೈ ಲೇಖಕರ ಸಂಘ ‘ಎಸ್‌ಎಫ್‌ಡಬ್ಲ್ಯುಎ’ 2019ರಿಂದ ವೃತ್ತಿಪರ ದರವೆಂದು ಒಪ್ಪಿರುವುದು ಪದಕ್ಕೆ 8 ಸೆಂಟ್. 5,000 ಪದದ ಕತೆಗೆ 400 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೂ 34,000. ‘ಕ್ಲಾರ್ಕ್ಸ್‌ವರ್ಲ್ಡ್’ 14 ಸೆಂಟ್, ‘ಸ್ಟ್ರೇಂಜ್ ಹೊರೈಜನ್ಸ್’ 10 ಸೆಂಟ್ ಕೊಡುತ್ತ ಬಂದಿವೆ. ‘ಬಿನೀತ್ ಸೀಸ್‌ಲೆಸ್ ಸ್ಕೈಸ್’ಗೆ ಬೇರೆ ಲೋಕದಲ್ಲೋ ಹಳೆಯ ಕಾಲದಲ್ಲೋ ನಡೆಯುವ ಫ್ಯಾಂಟಸಿ ಮಾತ್ರ ಬೇಕು, ‘ಫ್ಲ್ಯಾಷ್ ಫಿಕ್ಷನ್ ಆನ್‌ಲೈನ್’ಗೆ 500ರಿಂದ 1,000 ಪದ. ದರ ಮತ್ತು ನಿಯಮ ಬದಲಾಗುವುದುಂಟು, ಕಳುಹಿಸುವ ದಿನವೇ ಮತ್ತೊಮ್ಮೆ ಓದಿಕೊಳ್ಳಿ. ಕತೆ ಓದಲಿಕ್ಕೆ ನಿಮ್ಮಿಂದಲೇ ಹಣ ಕೇಳುವವರನ್ನು ಬಿಟ್ಟುಬಿಡಿ.

ಪದದ ಎಣಿಕೆ ಕನ್ನಡದಲ್ಲಿ ಬೇರೆ, ಇಂಗ್ಲಿಷಿನಲ್ಲಿ ಬೇರೆ. ನಮ್ಮ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡಿರುವುದರಿಂದ 2,000 ಪದದ ಕನ್ನಡ ಕತೆ ಇಂಗ್ಲಿಷಿಗೆ ಹೋದಾಗ 3,000ದ ಆಚೀಚೆ ಆಗುವುದು ಸಾಮಾನ್ಯ. ಹ್ಯೂಗೊ, ನೆಬ್ಯುಲಾ ಪ್ರಶಸ್ತಿಗಳ ಲೆಕ್ಕದಲ್ಲಿ 7,500 ಪದದೊಳಗಿನದು ಸಣ್ಣಕತೆ, 17,500ರ ತನಕ ನಾವೆಲೆಟ್, 40,000ದ ತನಕ ನಾವೆಲ್ಲಾ. ಮಿತಿ ನೋಡುವಾಗ ಇಂಗ್ಲಿಷ್ ರೂಪದ ಎಣಿಕೆಯನ್ನೇ ಹಿಡಿಯಿರಿ.

ಅನುವಾದದ ವಿಷಯದಲ್ಲಿ ಹೊಸ ಅಪಾಯವೊಂದಿದೆ. ಎಐ ಬರೆದ ಕತೆಗಳ ಮಹಾಪೂರ ಬಂದು 2023ರ ಫೆಬ್ರುವರಿಯಲ್ಲಿ ‘ಕ್ಲಾರ್ಕ್ಸ್‌ವರ್ಲ್ಡ್’ ಕೆಲಕಾಲ ಕತೆ ಸ್ವೀಕರಿಸುವುದನ್ನೇ ನಿಲ್ಲಿಸಿತ್ತು. ಆಮೇಲೆ ಬಹುತೇಕ ಪತ್ರಿಕೆಗಳು ಎಐ ನೆರವು ಪಡೆದ ಕತೆ ಬೇಡವೆಂದು ಸ್ಪಷ್ಟವಾಗಿ ಬರೆದುಕೊಂಡಿವೆ. ಕನ್ನಡ ಕತೆಯನ್ನು ಯಂತ್ರಕ್ಕೆ ಹಾಕಿ ಇಂಗ್ಲಿಷ್ ಮಾಡಿ, ಮೇಲೆ ಮೇಲೆ ತಿದ್ದಿ ಕಳುಹಿಸಿದರೆ ಅದೂ ಈ ಬಲೆಗೆ ಬೀಳಬಹುದು. ಮನುಷ್ಯರಿಂದಲೇ ಅನುವಾದ ಮಾಡಿಸಿ, ಅವರ ಹೆಸರು ಹಾಕಿ, ಹಣದ ಪಾಲನ್ನು ಮೊದಲೇ ಬರೆದಿಟ್ಟುಕೊಳ್ಳಿ. ಗೆಳೆತನದಲ್ಲಿ ಮಾಡಿಸಿದ ಅನುವಾದಕ್ಕೂ ಒಂದು ಹಾಳೆ ಬೇಕು; ಅನುವಾದಿತ ಪಠ್ಯದ ಕೃತಿಸ್ವಾಮ್ಯ ಅನುವಾದಕರದ್ದು.

ಇಂಗ್ಲಿಷಿನಲ್ಲಿ ಬರೆಯುವಾಗ ಗಜನಿ, ಸೊಪ್ಪಿನಬೆಟ್ಟ, ತಂಬುಳಿಗೆ ಅಡಿಟಿಪ್ಪಣಿ ಹಾಕಬೇಡಿ, ಇಟಾಲಿಕ್ಸ್ ಕೂಡ ಬೇಡ. ವಾಕ್ಯದಲ್ಲಿ ಯಾರೋ ಹಲಗೆ ಎತ್ತಿ ಉಬ್ಬರದ ನೀರು ಒಳಬಿಟ್ಟರೆ ಗಜನಿ ಏನೆಂದು ಓದುಗನಿಗೆ ತಾನಾಗಿ ತಿಳಿಯುತ್ತದೆ.

ಹಸ್ತಪ್ರತಿಯ ನಮೂನೆಗೆ ಶನ್ ಫಾರ್ಮ್ಯಾಟ್ ಎನ್ನುತ್ತಾರೆ. ಟೈಮ್ಸ್ ನ್ಯೂ ರೋಮನ್ ಅಥವಾ ಕುರಿಯರ್, ಅಳತೆ 12. ಸಾಲಿನ ಅಂತರ ಡಬಲ್. ನಾಲ್ಕೂ ಕಡೆ ಒಂದಿಂಚು ಅಂಚು. ಮೊದಲ ಪುಟದ ಎಡ ಮೇಲ್ತುದಿಯಲ್ಲಿ ನಿಜ ಹೆಸರು, ವಿಳಾಸ, ಮೇಲ್. ಬಲತುದಿಯಲ್ಲಿ ಪದಸಂಖ್ಯೆ, ನೂರರ ಹತ್ತಿರಕ್ಕೆ. ಪುಟದ ನಡುಮಧ್ಯಕ್ಕೆ ಶೀರ್ಷಿಕೆ, ಅದರ ಕೆಳಗೆ ಅಚ್ಚಾಗಬೇಕಾದ ಹೆಸರು. ಎರಡನೇ ಪುಟದಿಂದ ಬಲಕ್ಕೆ ಮನೆತನದ ಹೆಸರು, ಶೀರ್ಷಿಕೆಯ ಒಂದು ಪದ, ಪುಟಸಂಖ್ಯೆ. ದೃಶ್ಯ ಬದಲಾಗುವಲ್ಲಿ ಖಾಲಿ ಸಾಲು ಬಿಟ್ಟರೆ ಸಾಲದು, ನಡುವೆ ಒಂದು ಚಿಹ್ನೆ ಹಾಕಿ. ಇದಕ್ಕೆ ಅಪವಾದ, ಹೆಸರು ಇರಲೇಬಾರದು ಎನ್ನುವ ಸ್ಪರ್ಧೆಗಳು. ‘ರೈಟರ್ಸ್ ಆಫ್ ದ ಫ್ಯೂಚರ್’ ಅಂಥದ್ದು: ಪ್ರವೇಶ ಶುಲ್ಕವಿಲ್ಲ, ಹೊಸಬರಿಗೆ ಮಾತ್ರ, 17,000 ಪದದ ಮಿತಿ, ವರ್ಷಕ್ಕೆ ನಾಲ್ಕು ಸುತ್ತು, ಪ್ರತಿ ಸುತ್ತಿನ ಮೊದಲ ಬಹುಮಾನ 1,000 ಡಾಲರ್. ಅಲ್ಲಿ ಫೈಲಿನ ಹೆಡರಿನಲ್ಲಿ ಹೆಸರು ಉಳಿದಿದ್ದರೆ ಅನರ್ಹ. ವರ್ಡ್ ಫೈಲಿನ ‘ಪ್ರಾಪರ್ಟೀಸ್’ನಲ್ಲೂ ಹೆಸರು ಅಡಗಿರುತ್ತದೆ, ಅಳಿಸಿ.

ಕೊನೆಯ ದಿನದ ಲೆಕ್ಕ ತಪ್ಪುವುದು ಗಡಿಯಾರದಿಂದ. ನ್ಯೂಯಾರ್ಕಿನ ಮಧ್ಯರಾತ್ರಿ ಎಂದರೆ ಬೇಸಿಗೆ ಗಡಿಯಾರದಲ್ಲಿ ನಮಗೆ ಮರುದಿನ ಬೆಳಿಗ್ಗೆ 9:30, ಚಳಿಗಾಲದಲ್ಲಿ 10:30. ಲಾಸ್ ಏಂಜಲೀಸ್ ಮಧ್ಯರಾತ್ರಿ ನಮಗೆ ಮಧ್ಯಾಹ್ನ 12:30 ಅಥವಾ 1:30. ಜೂನ್ 30, ಸೆಪ್ಟೆಂಬರ್ 30ರಂಥ ಗಡುವುಗಳು ನಮ್ಮ ಮಳೆಗಾಲದಲ್ಲೇ ಬೀಳುತ್ತವೆ. ಘಟ್ಟದ ಮೇಲೆ ಮರ ಬಿದ್ದು ಲೈನ್ ಹೋಯಿತೆಂದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಎರಡು ದಿನ ಮೊದಲೇ ಕಳುಹಿಸಿ. ಫೈಲಿನ ಒಂದು ಪ್ರತಿ ಮೊಬೈಲಿನಲ್ಲೂ ಇರಲಿ. ಕೆಲವು ಪತ್ರಿಕೆಗಳು ಕತೆ ಸ್ವೀಕರಿಸುವ ಕಿಟಕಿ ವರ್ಷದಲ್ಲಿ ಕೆಲವೇ ದಿನ ತೆರೆಯುತ್ತದೆ, ಇಂತಿಷ್ಟು ಕತೆ ಬಂದ ಕೂಡಲೇ ಮುಚ್ಚುವುದೂ ಉಂಟು. ಅಲ್ಲಿ ಮಾತ್ರ ಮೊದಲ ದಿನವೇ ಕಳುಹಿಸಬೇಕು.

ಎಲ್ಲಿಗೆ ಏನು ಹೋಗಿದೆ ಎಂಬ ದಾಖಲೆಗೆ ‘ಸಬ್‌ಮಿಷನ್ ಗ್ರೈಂಡರ್’ ಉಚಿತ, ‘ಡ್ಯುಯೊಟ್ರೋಪ್’ಗೆ ಹಣ. ಜೊತೆಗೆ ನಿಮ್ಮದೇ ಒಂದು ಎಕ್ಸೆಲ್ ಹಾಳೆ ಬೇಕು: ಕತೆಯ ಹೆಸರು, ಭಾಷೆ, ಪದಸಂಖ್ಯೆ, ಎಲ್ಲಿಗೆ, ಕಳಿಸಿದ ದಿನ, ವಿಚಾರಿಸಬೇಕಾದ ದಿನ, ಉತ್ತರ, ಯಾವ ಹಕ್ಕು ಎಂದಿನ ತನಕ ಹೋಗಿದೆ. ಕೊನೆಯ ಕಾಲಂ ಇಲ್ಲದ ಹಾಳೆ ವ್ಯರ್ಥ. ರಿಜೆಕ್ಷನ್ ಬಂದ ದಿನವೇ ಮುಂದಿನ ಪತ್ರಿಕೆಗೆ ಕಳುಹಿಸಿ. ಸಂಪಾದಕರು ಕಾರಣ ಬರೆದಿದ್ದರೆ ಮಾತ್ರ ಕತೆಯನ್ನು ಮತ್ತೆ ಮುಟ್ಟಿ; ‘ನಮಗೆ ಹೊಂದಲಿಲ್ಲ’ ಎಂಬ ಸಿದ್ಧ ಪತ್ರಕ್ಕೆ ಕತೆ ತಿದ್ದುತ್ತ ಹೋದರೆ ಕತೆ ಸವೆಯುತ್ತದೆ.

ಕರಾರುಪತ್ರ

ಓದಬೇಕಾದ್ದು ನಾಲ್ಕು ಸಾಲು. ಯಾವ ಹಕ್ಕು (ಮೊದಲ ಪ್ರಕಟಣೆಯೋ, ಮರುಮುದ್ರಣವೋ), ಯಾವ ಭಾಷೆಯಲ್ಲಿ, ಎಷ್ಟು ಕಾಲ ಅವರಿಗೆ ಮಾತ್ರ, ಪ್ರಕಟಿಸದಿದ್ದರೆ ಹಕ್ಕು ಯಾವಾಗ ವಾಪಸ್. ‘ಎಲ್ಲ ಭಾಷೆಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ’ ಎಂದಿದ್ದರೆ ‘ಇಂಗ್ಲಿಷಿನಲ್ಲಿ ಮಾತ್ರ’ ಎಂದು ತಿದ್ದಲು ಕೇಳಿ. ಕೇಳಿದರೆ ಕತೆ ಬಿಟ್ಟುಬಿಡುತ್ತಾರೆಂಬ ಹೆದರಿಕೆ ಬೇಡ. ಸಿನಿಮಾ, ವೆಬ್ ಸರಣಿಯ ಹಕ್ಕು ಕೇಳುವ ಪತ್ರಿಕೆಗೆ ಇಲ್ಲವೆನ್ನಿ.

ಇಲ್ಲಿನ ಪ್ರಕಾಶಕರೊಂದಿಗೆ ಬಾಯಿಮಾತಿನ ವ್ಯವಹಾರವೇ ಹೆಚ್ಚು. ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಲೇಖಕರ ಪರವಾಗಿದೆ, ತಿಳಿದಿರಲಿ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇದ್ದರೆ ಮಾತ್ರ ಸಿಂಧು. ಅವಧಿ ಬರೆದಿಲ್ಲವೆಂದರೆ ಐದು ವರ್ಷ ಎಂದರ್ಥ. ಪ್ರದೇಶ ಬರೆದಿಲ್ಲವೆಂದರೆ ಭಾರತದೊಳಗೆ ಎಂದರ್ಥ. ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಅದು ಬಿದ್ದುಹೋಗುತ್ತದೆ. ವರ್ಷಗಟ್ಟಲೆ ‘ಮುಂದಿನ ತಿಂಗಳು ಅಚ್ಚಿಗೆ’ ಎನ್ನಿಸಿಕೊಂಡು ಕೂತಿರುವವರು ಈ ಒಂದು ವಾಕ್ಯವನ್ನು ಪತ್ರದಲ್ಲಿ ಬರೆದು ನೋಡಬಹುದು.

ಹಣ ಕೈಗೆ ಬರುವ ತನಕ

ಹೆಸರಿನಿಂದಲೇ ತೊಂದರೆ ಶುರು. ಕಾವ್ಯನಾಮದಲ್ಲಿ ಊರ ಹೆಸರು, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ಲು. ವಿದೇಶದಿಂದ ಹಣ ಪಡೆಯುವ ಪೇಪಾಲ್ ಖಾತೆ, ಪ್ಯಾನ್, ಬ್ಯಾಂಕು ಈ ಮೂರರಲ್ಲೂ ಒಂದೇ ಹೆಸರಿರಬೇಕು, ಇಲ್ಲವಾದರೆ ಹಣ ಮಧ್ಯೆ ನಿಲ್ಲುತ್ತದೆ. ಕರಾರಿಗೆ ಈ ಹೆಸರಿನಲ್ಲೇ ಸಹಿ ಮಾಡಿ, ‘ಅಚ್ಚಾಗಬೇಕಾದ ಹೆಸರು’ ಎಂಬಲ್ಲಿ ಕಾವ್ಯನಾಮ ಕೊಡಿ. ಸೊಸೈಟಿ ಖಾತೆ ಅಡಿಕೆ ಹಣಕ್ಕೆ ಸರಿ, ಡಾಲರಿಗೆ ಆಗದು. ವಿದೇಶಿ ಹಣ ಪಡೆಯಬಲ್ಲ ವಾಣಿಜ್ಯ ಬ್ಯಾಂಕಿನ ಉಳಿತಾಯ ಖಾತೆ ಬೇಕು.

ಪೇಪಾಲಿನಲ್ಲಿ ಹಣ ಬಂದದ್ದು ಭಾರತದಲ್ಲಿ ಅಲ್ಲೇ ಕೂರುವುದಿಲ್ಲ, ತಾನಾಗಿ ಬ್ಯಾಂಕಿಗೆ ಇಳಿಯುತ್ತದೆ. ಹಣ ಯಾವುದಕ್ಕೆ ಬಂದದ್ದು ಎಂದು ಹೇಳುವ ಪರ್ಪಸ್ ಕೋಡ್ ಮೊದಲೇ ಆರಿಸಿಡಿ. ಶುಲ್ಕವೂ ವಿನಿಮಯ ದರದ ಕಡಿತವೂ ಸೇರಿ ಸಾಕಷ್ಟು ಹೋಗುತ್ತದೆ, ಆದರೂ 40–50 ಡಾಲರಿನ ಸಣ್ಣ ಮೊತ್ತಕ್ಕೆ ನೇರ ಬ್ಯಾಂಕ್ ವರ್ಗಾವಣೆಗಿಂತ ಇದೇ ಮೇಲು. ಬ್ಯಾಂಕಿನಿಂದ ಬ್ಯಾಂಕಿಗೆ ಬರುವ ಹಣಕ್ಕೆ ನಡುವಿನ ಬ್ಯಾಂಕು ಹಿಡಿಯುವ ಶುಲ್ಕ ಮೊತ್ತ ಸಣ್ಣದಿದ್ದಾಗ ಬಹಳ ನೋಯುತ್ತದೆ. ಅಮೆರಿಕದ ಪತ್ರಿಕೆ ವಿದೇಶಿಯರ ತೆರಿಗೆಗೆ ಸಂಬಂಧಿಸಿದ ಡಬ್ಲ್ಯು-8ಬೆನ್ ನಮೂನೆ ಕೇಳಿದರೆ ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಬರೆಯಿರಿ, ತೆರಿಗೆ ಒಪ್ಪಂದದ ಸಾಲಿನಲ್ಲಿ ಭಾರತ, ರಾಯಲ್ಟಿ, ಶೇ 15. ಅದನ್ನು ಖಾಲಿ ಬಿಟ್ಟರೆ ಶೇ 30 ಮುರಿದುಕೊಳ್ಳುವ ಅವಕಾಶವಿದೆ. ಇಲ್ಲಿ ಆದಾಯ ತೆರಿಗೆ ತುಂಬುವಾಗ ಈ ಆದಾಯ ತೋರಿಸಲೇಬೇಕು. ಪುಸ್ತಕದ ರಾಯಲ್ಟಿಗೆ ಇರುವ ವಿನಾಯಿತಿ ಪತ್ರಿಕೆಯ ಸಂಭಾವನೆಗೆ ಅನ್ವಯಿಸದು.

ಸಮ್ಮೇಳನ: ಹತ್ತಿರದ್ದು ಮೊದಲು

ಸಮ್ಮೇಳನಕ್ಕೆ ಹೋದರೆ ಕತೆ ಮಾರಾಟವಾಗುತ್ತದೆ ಎಂದು ಹೊರಡಬೇಡಿ. ಕತೆ ಮಾರಾಟವಾಗುವುದು ಮೇಲ್‌ನಲ್ಲೇ. ಸಮ್ಮೇಳನದಲ್ಲಿ ಸಿಗುವುದು ಪರಿಚಯ, ಅನುವಾದಕರು, ಮುಂದಿನ ಸಂಕಲನಕ್ಕೆ ಕರೆ, ಒಂದಿಷ್ಟು ಧೈರ್ಯ.

ಶಿರಸಿ, ಸಿದ್ದಾಪುರದವರಿಗೆ ಹೆಗ್ಗೋಡು ಬೆಳಿಗ್ಗೆ ಹೊರಟು ಮುಟ್ಟುವ ದೂರ. ಅಲ್ಲಿನ ನೀನಾಸಂ ಸಂಸ್ಕೃತಿ ಶಿಬಿರ ನಡೆಯುವ ವರ್ಷ ಮೊದಲೇ ಅರ್ಜಿ ಹಾಕಬೇಕು. ಧಾರವಾಡದ ಸಾಹಿತ್ಯ ಸಂಭ್ರಮ ನಡೆಯುವ ವರ್ಷ ಅದು ಕಾರವಾರದವರಿಗೂ ಆದೀತು. ಕನ್ನಡ ಸಾಹಿತ್ಯ ಸಮ್ಮೇಳನದ ದಿನಾಂಕ ವರ್ಷವರ್ಷವೂ ಹಾರಾಡುತ್ತದೆ. 86ನೆಯದು ಹಾವೇರಿಯಲ್ಲಿ 2023ರ ಜನವರಿ, 87ನೆಯದು ಮಂಡ್ಯದಲ್ಲಿ 2024ರ ಡಿಸೆಂಬರ್. ಸರ್ಕಾರಿ ನೌಕರಿಯಲ್ಲಿದ್ದವರು ಪ್ರತಿನಿಧಿಯಾಗಿ ನೋಂದಾಯಿಸಿ, ಅನ್ಯಕಾರ್ಯ ನಿಮಿತ್ತ ರಜೆಯ ಆದೇಶ ಹೊರಟಿತೇ ನೋಡಿಕೊಂಡು, ಹಾಜರಾತಿ ಪತ್ರವನ್ನು ಮರೆಯದೆ ಪಡೆದುಕೊಳ್ಳಿ. ಸೈ-ಫೈಗೆ ವೇದಿಕೆ ಬೇಕಿದ್ದರೆ ತಾಲೂಕು, ಜಿಲ್ಲಾ ಸಮ್ಮೇಳನದ ಕಥಾಗೋಷ್ಠಿಯನ್ನು ಹಿಡಿಯುವುದು ಸುಲಭ. ಪರಿಷತ್ತಿನ ತಾಲೂಕು ಘಟಕದವರಿಗೆ ಎರಡು ತಿಂಗಳು ಮೊದಲೇ ಕತೆಯ ಪ್ರತಿ ತಲುಪಿಸಿ. ಬೆಂಗಳೂರಿನ ಕಾಮಿಕ್ ಕಾನ್ ಚಿತ್ರಕಾರರಿಗೆ, ಕಾಮಿಕ್ಸ್ ಮಾಡುವವರಿಗೆ ಒಳ್ಳೆಯ ಜಾಗ. ಬರೀ ಗದ್ಯ ಬರೆಯುವವರು ಸ್ಟಾಲಿನ ಬಾಡಿಗೆ ಕೊಟ್ಟರೆ ಗಿಟ್ಟುವುದು ಅನುಮಾನ, ನೋಡಿ ಬರಲು ಹೋಗಿ.

ಬೆಂಗಳೂರಿಗೆ ಕಾರವಾರದವರಿಗೆ ಪಂಚಗಂಗಾ ರಾತ್ರಿ ರೈಲು, ಶಿರಸಿಯವರಿಗೆ ಬಸ್ಸು ಅಥವಾ ತಾಳಗುಪ್ಪದಿಂದ ರೈಲು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯಿಂದ ಹೊರಡುವ ಯೋಜನೆಯನ್ನೇ ಹಾಕಬೇಡಿ, ಬಸ್ಸು ಹತ್ತಲಿಕ್ಕೂ ಜಾಗ ಇರುವುದಿಲ್ಲ.

ಎರಡನೇ ಮೆಟ್ಟಿಲು ಆನ್‌ಲೈನ್. ‘ಡ್ರೀಮ್ ಫೌಂಡ್ರಿ’ ನಡೆಸುವ ‘ಫ್ಲೈಟ್ಸ್ ಆಫ್ ಫೌಂಡ್ರಿ’ಯಂಥ ಸಮಾವೇಶಕ್ಕೆ ಮನೆಯಲ್ಲೇ ಕೂತು ಹೋಗಬಹುದು. ಹ್ಯೂಗೊ ಪ್ರಶಸ್ತಿ ಕೊಡುವ ವಿಶ್ವ ಸೈ-ಫೈ ಸಮ್ಮೇಳನ ವರ್ಲ್ಡ್‌ಕಾನ್‌ಗೂ ಇತ್ತೀಚೆಗೆ ವರ್ಚುವಲ್ ಟಿಕೆಟು ಇರುತ್ತದೆ. ಅದು ನಡೆಯುವ ಊರಿನ ಗಡಿಯಾರ ನೋಡಿಕೊಳ್ಳಿ. ಮಾಂಟ್ರಿಯಲ್‌ನ ಬೆಳಗಿನ 10 ಗಂಟೆ ನಮಗೆ ಸಂಜೆ 7:30, ಅದು ಪರವಾಗಿಲ್ಲ. ಕ್ಯಾಲಿಫೋರ್ನಿಯಾದ 10 ಗಂಟೆ ರಾತ್ರಿ 10:30, ಅಂದರೆ ಇಡೀ ರಾತ್ರಿ ನಿದ್ದೆ ಬಿಟ್ಟ ಹಾಗೆಯೇ. ಹ್ಯೂಗೊಗೆ ಹೆಸರು ಸೂಚಿಸಲು, ಮತ ಹಾಕಲು ವಿಶ್ವ ಸೈ-ಫೈ ಸಂಘ ‘ಡಬ್ಲ್ಯುಎಸ್‌ಎಫ್‌ಎಸ್’ ಸದಸ್ಯತ್ವ ಸಾಕು, ಹೋಗಲೇಬೇಕೆಂದಿಲ್ಲ. ಅಂತಿಮ ಸುತ್ತಿನ ಕೃತಿಗಳ ಇ-ಪ್ರತಿಗಳೂ ಸಾಮಾನ್ಯವಾಗಿ ಜೊತೆಗೆ ಸಿಗುವುದರಿಂದ ಪುಸ್ತಕದ ಲೆಕ್ಕದಲ್ಲೇ ಹಣ ವಸೂಲು.

ವರ್ಲ್ಡ್‌ಕಾನ್‌ಗೆ ನಿಜಕ್ಕೂ ಹೋಗುವುದಾದರೆ

2026ರದ್ದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ, ಆಗಸ್ಟ್ 27ರಿಂದ 31. 2027ರದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ, ಸೆಪ್ಟೆಂಬರ್ ಮೊದಲ ವಾರ. ಚರ್ಚೆಗೆ ಕರೆದರು ಎಂದ ಕೂಡಲೇ ಖರ್ಚು ಅವರದು ಎಂದುಕೊಳ್ಳಬೇಡಿ. ಅಲ್ಲಿ ವೇದಿಕೆ ಏರುವವರೂ ಸಾಮಾನ್ಯವಾಗಿ ತಮ್ಮ ಸದಸ್ಯತ್ವ, ವಿಮಾನ, ಹೋಟೆಲು ತಾವೇ ನೋಡಿಕೊಳ್ಳುತ್ತಾರೆ. ನೆರವಿಗೆ ಡ್ರೀಮ್ ಫೌಂಡ್ರಿಯವರ ‘ಕಾನ್ ಆರ್ ಬಸ್ಟ್’ ಅನುದಾನಕ್ಕೆ ಅರ್ಜಿ ಹಾಕಬಹುದು.

ಕ್ರಮ ಹೀಗಿರಲಿ. ಒಂದು ವರ್ಷ ಮೊದಲು ಸದಸ್ಯತ್ವ, ಏಕೆಂದರೆ ಹತ್ತಿರ ಬಂದಷ್ಟೂ ದರ ಏರುತ್ತದೆ. ಅದಾದ ಮೇಲೆ ಸಂಘಟಕರಿಂದ ವೀಸಾಕ್ಕೆ ಪತ್ರ, ಆಮೇಲೆ ವೀಸಾ, ವೀಸಾ ಕೈಗೆ ಬಂದ ಮೇಲೆಯೇ ವಿಮಾನ. ಹೋಟೆಲನ್ನು ಸಮ್ಮೇಳನದವರ ರಿಯಾಯಿತಿ ದರದಲ್ಲಿ, ರದ್ದು ಮಾಡಬಹುದಾದ ರೀತಿಯಲ್ಲಿ ಮಾತ್ರ ಹಿಡಿಯಿರಿ.

ಅಮೆರಿಕಕ್ಕೆ ಬಿ1/ಬಿ2 ವೀಸಾ, ಡಿಎಸ್-160 ಅರ್ಜಿ, ಮೂಲ ಶುಲ್ಕ 185 ಡಾಲರ್. ಸಂದರ್ಶನದ ಸರದಿ ತಿಂಗಳುಗಟ್ಟಲೆ. ಕರಾವಳಿಯವರಿಗೆ ಮುಂಬೈ ಅನುಕೂಲ: ಮತ್ಸ್ಯಗಂಧ ರೈಲು ಕಾರವಾರದಿಂದ ನೇರ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ, ಕಾನ್ಸುಲೇಟ್ ಇರುವ ಬಾಂದ್ರಾ-ಕುರ್ಲಾ ಸಂಕೀರ್ಣ ಅಲ್ಲಿಂದ ದೂರವಿಲ್ಲ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಎಂದು ಲೆಕ್ಕ ಹಾಕಿ. ಕೆನಡಾದ ಸಂದರ್ಶಕ ವೀಸಾಕ್ಕೆ ಅರ್ಜಿ 100, ಬಯೊಮೆಟ್ರಿಕ್ 85 ಕೆನಡಿಯನ್ ಡಾಲರ್, ಬೆಂಗಳೂರಿನಲ್ಲೇ ಕೇಂದ್ರವಿದೆ. ವೀಸಾ ಅಧಿಕಾರಿಗೆ ನೀವು ವಾಪಸ್ ಬರುತ್ತೀರಿ ಎಂಬ ನಂಬಿಕೆ ಬರಬೇಕು. ನೌಕರಿಯ ರಜೆ ಪತ್ರ, ಐಟಿ ರಿಟರ್ನ್, ತೋಟದ ಪಹಣಿ ಒಯ್ಯಿರಿ. ಪ್ರಕಟವಾದ ಕತೆಗಳ ಎರಡು ಪುಟ ಜೊತೆಗಿರಲಿ, ಇಪ್ಪತ್ತು ಬೇಡ. ಮಾತು ಚಿಕ್ಕದಿರಲಿ: ಲೇಖಕ, ಇಂಥ ಸಮ್ಮೇಳನ, ಇಷ್ಟು ದಿನ, ಸಂಭಾವನೆ ಇಲ್ಲ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇರುವವರು ನಮ್ಮಲ್ಲಿ ಬಹಳ. ಅಮೆರಿಕದ ವೀಸಾದಲ್ಲಿ ಅಂಥವರ ಇಡೀ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಆಮೇಲೆ ವಿಮಾನದ ಟಿಕೆಟು, ನೋಂದಣಿ ಯಾವುದಕ್ಕೂ ಹೊಂದುವುದಿಲ್ಲ. ವರ್ಷ ಮೊದಲೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಿ. ಸಮ್ಮೇಳನದ ನೋಂದಣಿಗೆ ಪಾಸ್‌ಪೋರ್ಟಿನ ಹೆಸರು, ಕೊರಳ ಬ್ಯಾಡ್ಜಿಗೆ ಕಾವ್ಯನಾಮ. ಎರಡಕ್ಕೂ ಬೇರೆಬೇರೆ ಕಾಲಂ ಇರುತ್ತದೆ.

ಆಗಸ್ಟ್ ಎಂದರೆ ನಮ್ಮ ರಸ್ತೆಗಳು ನಂಬಿಕೆಗೆ ಯೋಗ್ಯವಲ್ಲದ ತಿಂಗಳು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಮೂರು ವಾರದಲ್ಲಿ, ಆಗಸ್ಟ್ 7ರಂದು, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕಾರವಾರದಿಂದ ದಾಬೋಲಿಂ ವಿಮಾನ ನಿಲ್ದಾಣ ಸುಮಾರು 90 ಕಿ.ಮೀ., ಶಿರಸಿಯಿಂದ ಹುಬ್ಬಳ್ಳಿ ಸುಮಾರು 100. ಎರಡೂ ಲೆಕ್ಕಕ್ಕೆ ಹತ್ತಿರ. ಆದರೆ ಅಂತರರಾಷ್ಟ್ರೀಯ ವಿಮಾನ ತಪ್ಪಿದರೆ ನಷ್ಟ ದೊಡ್ಡದು, ಒಂದು ರಾತ್ರಿ ಮೊದಲೇ ಗೋವೆಯಲ್ಲೋ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರಿ.

ಅಲ್ಲಿ ಏನು ಮಾಡಬೇಕು? ಕಾರ್ಯಕ್ರಮದಲ್ಲಿ ಭಾಗವಹಿಸುವ ಅರ್ಜಿ ಆರು ತಿಂಗಳು ಮೊದಲೇ ತುಂಬಿ. ‘ಭಾರತೀಯ ಸೈ-ಫೈ’ ಎಂಬ ಒಂದೇ ವಿಷಯಕ್ಕೆ ನಿಮ್ಮನ್ನು ಕಟ್ಟಿಹಾಕುವ ಸಂಭವವಿದೆ. ಅರ್ಜಿಯಲ್ಲೇ ನದಿಮುಖಜ, ಪರಮಾಣು ವಿದ್ಯುತ್ತು, ಯಕ್ಷಗಾನದ ಪ್ರಸಂಗ ಕಟ್ಟುವ ರೀತಿ, ಹೀಗೆ ನಿಮಗೆ ಗೊತ್ತಿರುವ ನಾಲ್ಕು ವಿಷಯ ಬರೆಯಿರಿ. ಕತೆ ಓದುವ ಸರದಿ ಸಿಕ್ಕರೆ 20 ನಿಮಿಷಕ್ಕೆ ಇಂಗ್ಲಿಷಿನ 2,500 ಪದ ಮೀರಬೇಡಿ. ಮೊದಲ ಒಂದು ನಿಮಿಷ ಕನ್ನಡದಲ್ಲೇ ಓದಿ, ಆಮೇಲೆ ಇಂಗ್ಲಿಷ್. ಸಭೆ ಆಗ ಕಿವಿ ನೆಟ್ಟಗೆ ಮಾಡುತ್ತದೆ. ಓದುವ ಪ್ರತಿ 16ರ ಅಕ್ಷರದಲ್ಲಿ ಕಾಗದದ ಮೇಲಿರಲಿ, ಮೊಬೈಲ್ ನಂಬಬೇಡಿ. ಸಂಪಾದಕರು ಸಿಕ್ಕರೆ ಹಸ್ತಪ್ರತಿ ಕೈಗೆ ತುರುಕಬೇಡಿ, ಅಲ್ಲಿ ಅದು ಅಪಚಾರ. ಅವರ ಪತ್ರಿಕೆಯಲ್ಲಿ ನೀವು ಓದಿದ ಒಂದು ಕತೆಯ ಬಗ್ಗೆ ಮಾತಾಡಿ, ಕಾರ್ಡು ಕೊಡಿ. ಊರಿಗೆ ಬಂದು ಎರಡು ವಾರದೊಳಗೆ ಮೂರು ಸಾಲಿನ ಮೇಲ್ ಹಾಕಿ. ಅದಕ್ಕೆ ಕತೆ ಲಗತ್ತಿಸಬೇಡಿ. ಕತೆ ಮತ್ತೆ ಅದೇ ಸಬ್‌ಮಿಷನ್ ಕಿಟಕಿಯಿಂದ, ಎಲ್ಲರಂತೆ ಸಾಲಿನಲ್ಲೇ ಹೋಗಬೇಕು.